ದೊಡ್ಡಪ್ಪನ ಬಾಗಿಲುವಾಡ

ನಮ್ಮ ದೊಡ್ಡಪ್ಪನಿಗೆ ಎಂಬತ್ತಕ್ಕೆ ಎರಡು ಕಮ್ಮಿ. ಹುಟ್ಟಿದ ಮನೆಯಲ್ಲೇ ಇದ್ದಾರೆ. ಮದುವೆಯ ಚಪ್ಪರ ಹಾಕಿದ್ದು ಅದೇ ಅಂಗಳದಲ್ಲಿ, ಮಕ್ಕಳ ತೊಟ್ಟಿಲು ಕಟ್ಟಿದ್ದು ಅದೇ ತೊಲೆಗೆ. ಮನೆ ಒಂದಿಂಚೂ ಅಲುಗಿಲ್ಲ. ಆದರೂ ಅವರು ಕೂತಲ್ಲೇ ಕೂತು ನಾಲ್ಕು ಊರು ಬದಲಾಯಿಸಿದ್ದಾರೆ. ಮೊದಲು ಪಂಚಾಯ್ತಿಯಲ್ಲಿದ್ದರು. ಆಮೇಲೆ ನಗರಸಭೆಗೆ ಬಂದರು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ, ಅಂದರೆ ಬಿಬಿಎಂಪಿಗೆ ಬಂದರು. 2025ರಲ್ಲಿ ಬೃಹತ್ ಹೋಗಿ ಗ್ರೇಟರ್ ಬಂತು, ಅದರೊಳಗೆ ಒಂದು ದಿಕ್ಕಿನ ಪಾಲಿಕೆಗೆ ಬಂದರು. ಸಂತೆಯಿಂದ ಸಂತೆಗೆ ಅಲೆಯುವ ಬಳೆಗಾರನಿಗೂ ಇಷ್ಟು ತಿರುಗಾಟ ಇರುವುದಿಲ್ಲ. ಬಳೆಗಾರನಿಗೆ ಸಂಜೆ ವಾಪಸ್ ಹೋಗಲು ಒಂದು ಊರಾದರೂ ಇರುತ್ತದೆ.

ಊರು ಯಾವುದು ಅಂತ ಹೇಳುವುದಿಲ್ಲ. ದೊಡ್ಡಪ್ಪನ ಖಾತೆ, ಅಂದರೆ ಮನೆಯ ಆಸ್ತಿ ದಾಖಲೆ, ಇನ್ನೂ ಯಾರದೋ ಮೇಜಿನ ಮೇಲಿದೆ. ಹೆಸರು ಹೇಳಿದರೆ ಮೇಜಿನ ಕೆಳಗೆ ಹೋಗುತ್ತದೆ.

ಆ ಮನೆಯ ಬಾಗಿಲುವಾಡ ನೋಡಬೇಕು. ಹಲಸಿನ ಮರದ್ದು. ಬಲಗಡೆ ಕಂಬದ ಮೇಲ್ಭಾಗದಲ್ಲಿ ಬಿಳಿ ಪೇಂಟಿನಲ್ಲಿ ಪಂಚಾಯ್ತಿಯ ಕದ ನಂಬರು. ಬರೆದವನ ಕೈ ಚೆನ್ನಾಗಿತ್ತು, ಏಳಕ್ಕೆ ಚಂದದ ಬಾಲ ಎಳೆದಿದ್ದಾನೆ. ಅದರ ಕೆಳಗೆ ನಗರಸಭೆಯ ತಗಡು. ಎರಡು ಮೊಳೆಯಲ್ಲಿ ಒಂದು ಬಿದ್ದುಹೋಗಿ, ತಗಡು ನಾಚಿಕೊಂಡವರ ಹಾಗೆ ತಲೆ ವಾಲಿಸಿ ನಿಂತಿದೆ. ಅದರ ಕೆಳಗೆ ದೊಡ್ಡಪ್ಪನೇ ಮಾರ್ಕರ್ ಪೆನ್ನಿನಲ್ಲಿ ಬರೆದುಕೊಂಡ ಪಿಐಡಿ. ಅಂದರೆ ವಾರ್ಡು, ಬೀದಿ, ಮನೆ ಮೂರನ್ನೂ ಕೂಡಿಸಿ ಪಾಲಿಕೆ ಕೊಟ್ಟ ನಂಬರು. ಅದರ ಕೆಳಗೆ ಇ-ಖಾತಾದ ಹತ್ತು ಅಂಕಿ. ತೀರಾ ಕೆಳಗೆ, 2025ರ ಸಮೀಕ್ಷೆಗೆ ಅಂತ ಮೀಟರ್ ಓದುವವರು ಅಂಟಿಸಿ ಹೋದ ಚೀಟಿ. ನಡುನಡುವೆ ಪಲ್ಸ್ ಪೋಲಿಯೋದವರ ಸೀಮೆಸುಣ್ಣದ ಗೀಟುಗಳು. ಆ ಮನೆಯಲ್ಲಿ ಪೋಲಿಯೋ ಹನಿ ಕುಡಿಯುವ ವಯಸ್ಸಿನವರು ಯಾರೂ ಇಲ್ಲ, ಆದರೂ ಗೀಟು ಬೀಳುತ್ತದೆ. ಸರ್ಕಾರದ ಒಂದು ಕೆಲಸವಾದರೂ ತಪ್ಪದೆ ನಡೆಯುತ್ತಿದೆಯಲ್ಲ ಅಂತ ದೊಡ್ಡಪ್ಪ ಅದನ್ನು ಅಳಿಸುವುದಿಲ್ಲ.

ಮೊನ್ನೆ ಪಾರ್ಸೆಲ್ ತಂದ ಹುಡುಗ ಕಂಬದ ಮುಂದೆ ನಿಂತು ತಲೆ ಕೆರೆದುಕೊಂಡ. "ತಾತ, ಇದ್ರಲ್ಲಿ ಯಾವ್ದು ನಿಮ್ದು?"

"ಎಲ್ಲಾ ನಮ್ದೇ ಕಣಪ್ಪ. ಯಾವ್ದು ಬೇಕೋ ತಗೋ."

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 2007ರ ಜನವರಿ. ಬೊಮ್ಮನಹಳ್ಳಿ, ದಾಸರಹಳ್ಳಿ, ಬ್ಯಾಟರಾಯನಪುರ, ಕೆ.ಆರ್. ಪುರ, ಮಹದೇವಪುರ, ರಾಜರಾಜೇಶ್ವರಿನಗರ, ಯಲಹಂಕ, ಹೀಗೆ ಏಳು ನಗರಸಭೆ. ಜೊತೆಗೆ ಒಂದೇ ಒಂದು ಪುರಸಭೆ, ಕೆಂಗೇರಿ. ಸಾಲದ್ದಕ್ಕೆ 110 ಹಳ್ಳಿ. ಇಷ್ಟನ್ನೂ ಒಟ್ಟಿಗೆ ಬೆಂಗಳೂರಿಗೆ ಸೇರಿಸಿದರು. ಸುಮಾರು 226 ಚದರ ಕಿಲೋಮೀಟರ್ ಇದ್ದ ಊರು 700 ದಾಟಿತು. ಕೆಂಪೇಗೌಡರು 1537ರಲ್ಲಿ ಊರಿಗೆ ಗಡಿ ಹಾಕುವಾಗ ನಾಲ್ಕು ದಿಕ್ಕಿಗೆ ನಾಲ್ಕು ಜೋಡಿ ಎತ್ತು ಹೂಡಿ ನೇಗಿಲು ಹೊಡೆಸಿದರು, ಎತ್ತುಗಳು ನಿಂತಲ್ಲಿಗೆ ಗಡಿ ಆಯಿತು ಅಂತ ಕಥೆ ಇದೆ. ಎತ್ತಿಗೆ ದಣಿವಾಗುತ್ತದೆ. ಅಧಿಸೂಚನೆಗೆ ಆಗುವುದಿಲ್ಲ.

ಸೇರಿಸಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ರಾಜಕಾಲುವೆ ನಗರಸಭೆಯ ಬೋರ್ಡು ಓದಿಕೊಂಡು ಹರಿಯುವುದಿಲ್ಲ. ಸೊಳ್ಳೆಗೆ ಗಡಿ ಗೊತ್ತಿಲ್ಲ. ಕಸದ ಲಾರಿಗೆ ಗೊತ್ತು, ಆದರೆ ಅದು ಕತ್ತಲಲ್ಲಿ ಬರುತ್ತದೆ. ಒಂದೇ ಊರಿನ ಹಾಗೆ ಬೆಳೆದಿದ್ದನ್ನು ಒಂದೇ ಆಡಳಿತಕ್ಕೆ ತರುವುದರಲ್ಲಿ ಅರ್ಥ ಇದೆ. ನನ್ನ ತಕರಾರು ಬೇರೆ. ಮನೆಗೆ ನೆಂಟರನ್ನು ಕರೆದ ಮೇಲೆ ಒಂದು ಲೋಟ ನೀರು ಕೊಡಬೇಕೋ ಬೇಡವೋ?

ಇಂಥ ಕೂಡಿಕೆ ನಮಗೆ ಹೊಸದೂ ಅಲ್ಲ. ಬೆಂಗಳೂರು ಪೇಟೆಗೊಂದು, ದಂಡಿಗೊಂದು (ಅಂದರೆ ಕಂಟೋನ್ಮೆಂಟಿಗೆ) ಅಂತ 1862ರಿಂದ ಎರಡು ಮುನಿಸಿಪಾಲಿಟಿ ಇದ್ದವು. ನಡುವೆ ಕಬ್ಬನ್ ಪಾರ್ಕು. 1881ರಿಂದ ಆ ಕಡೆ ಬ್ರಿಟಿಷರ ಆಳ್ವಿಕೆ, ಈ ಕಡೆ ಮೈಸೂರು ಮಹಾರಾಜರದ್ದು. ದಂಡು ಮೈಸೂರಿಗೆ ವಾಪಸ್ ಬಂದಿದ್ದು 1947ರಲ್ಲಿ, ಎರಡೂ ಸೇರಿ ಒಂದು ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಇಷ್ಟು ವರ್ಷ ಆದರೂ ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ 'ಬೆಂಗಳೂರು ದಂಡು' ಅಂತಲೇ ಇದೆ. ಎರಡೂ ಸೇರಿದ ವಿಷಯವನ್ನು ಅವರಿಗೆ ಯಾರೂ ಹೇಳಿದ ಹಾಗಿಲ್ಲ.

ಆದರೆ 2007ರ ಕೂಡಿಕೆಯಲ್ಲಿ ನನಗೆ ತಮಾಷೆ ಅನಿಸುವುದು ಯಲಹಂಕದ ಕಥೆ. ಕೆಂಪೇಗೌಡರು ಯಾರು? ಯಲಹಂಕ ನಾಡಪ್ರಭು. ಯಲಹಂಕದಲ್ಲಿ ಕೂತು ಬೆಂಗಳೂರು ಕಟ್ಟಿದರು. ಲೆಕ್ಕ ಹಾಕಿದರೆ ಯಲಹಂಕ ತಾಯಿ, ಬೆಂಗಳೂರು ಮಗಳು. ಸರಿಯಾಗಿ 470 ವರ್ಷ ಆದ ಮೇಲೆ ಮಗಳು ತಾಯಿಯನ್ನು ತನ್ನ ಮನೆಗೆ ಸೇರಿಸಿಕೊಂಡಳು. ಒಳ್ಳೆಯದೇ, ವಯಸ್ಸಾದ ತಾಯಿ. ಆದರೆ ಬಂದ ಕೂಡಲೇ ತಾಯಿಗೆ ಏನು ಹೆಸರಿಟ್ಟರು ಗೊತ್ತಾ? 'ವಲಯ'. ಎಂಟು ವಲಯಗಳಲ್ಲಿ ಒಂದು ವಲಯ. ಹಿಂದುಗಡೆ ರೂಮಿನಲ್ಲಿ ಚಾಪೆ ಹಾಸಿಕೊಟ್ಟು, 'ಅಮ್ಮಾ, ಏನಾದ್ರೂ ಬೇಕಾದ್ರೆ ಅರ್ಜಿ ಕೊಡು' ಅಂದ ಹಾಗೆ. ಬ್ಯಾಟರಾಯನಪುರಕ್ಕೆ ಆ ಭಾಗ್ಯವೂ ಸಿಗಲಿಲ್ಲ. ಅದು ಯಲಹಂಕ ವಲಯದ ಚಾಪೆಯ ತುದಿಯಲ್ಲಿ ಮಲಗಿತು.

ಬೇಗೂರಿನದ್ದು ಇನ್ನೂ ಚೆಂದ. ಅಲ್ಲಿನ ದೇವಸ್ಥಾನದ ಹತ್ತಿರ ಕ್ರಿ.ಶ. 890ರ ಆಸುಪಾಸಿನ ಒಂದು ಶಾಸನ ಇದೆ. ಬೆಂಗಳೂರಿನಲ್ಲಿ ನಡೆದ ಕಾಳಗದ ಮಾತು ಅದರಲ್ಲಿ ಬರುತ್ತದೆ. ಬೆಂದ ಕಾಳಿನ ಅಜ್ಜಿ ಕಥೆಗಿಂತ ಎಷ್ಟೋ ಮೊದಲೇ 'ಬೆಂಗಳೂರು' ಅನ್ನುವ ಹೆಸರು ಇತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಅಂದರೆ ಬೆಂಗಳೂರಿನ ಜನನ ಪ್ರಮಾಣಪತ್ರ ಇರುವುದು ಬೇಗೂರಿನ ಹತ್ತಿರ. ಈಗ ಬೇಗೂರಿನಲ್ಲಿ ಮಗು ಹುಟ್ಟಿದರೆ ಅದರ ಜನನ ಪ್ರಮಾಣಪತ್ರಕ್ಕೆ ಬೆಂಗಳೂರಿನ ಸೀಲು ಬೇಕು.

ನೀರಿನ ಮಾತಿಗೆ ಬರುತ್ತೇನೆ. ದೊಡ್ಡಪ್ಪನ ಮಗಳನ್ನು, ಅಂದರೆ ನಮ್ಮಕ್ಕನನ್ನು, ಕೊಟ್ಟಿರುವುದು ಆ 110 ಹಳ್ಳಿಗಳಲ್ಲಿ ಒಂದಕ್ಕೆ. 2007ರಲ್ಲಿ ಅವಳ ಮಾವ ಖುಷಿಯಿಂದ ಒಬ್ಬಟ್ಟು ಮಾಡಿಸಿದ್ದರು. 'ಇನ್ನು ನಾವೂ ಬೆಂಗಳೂರಿನೋರು' ಅಂತ. ಆಸ್ತಿ ತೆರಿಗೆಗೆ ಅವರು ಬೆಂಗಳೂರಿನವರಾಗಲು ತಡವಾಗಲಿಲ್ಲ. ನೀರಿಗೆ ಬೆಂಗಳೂರಿನವರಾಗಲು ಹದಿನೇಳು ವರ್ಷ ಕಾಯಬೇಕಾಯಿತು. ಈ ಹಳ್ಳಿಗಳಿಗೆ ಅಂತ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನದ್ದು, ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್ 16ಕ್ಕೆ. ನೀರು ಬರಬೇಕಾಗಿದ್ದು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ. ಎಮ್ಮೆ ಹೊಡೆದುಕೊಂಡು ಹೋದರೂ ಒಂದು ವಾರದ ದಾರಿ.

ನಡುವಿನ ವರ್ಷಗಳಲ್ಲಿ ಅಕ್ಕನ ಬೀದಿಯನ್ನು ಅಗೆದರು. ಮುಚ್ಚಿದರು. ಇನ್ನೊಂದು ಸಲ ಒಳಚರಂಡಿಗೆ ಅಗೆದರು. ಒಂದು ದಿನ ಅವಳ ಮನೆ ಗೇಟಿನ ಪಕ್ಕ ನೆಲದಿಂದ ಒಂದು ಗೇಣು ನೀಲಿ ಪೈಪು ಎದ್ದು ನಿಂತಿತು. ತುದಿಗೆ ಕ್ಯಾಪ್ ಹಾಕಿದ್ದರು. ಅಕ್ಕ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು. ಮೊದಲ ವರ್ಷ ಶ್ರದ್ಧೆಯಿಂದ ಕ್ಯಾಪ್ ಬಿಚ್ಚಿ ಬಿಚ್ಚಿ ನೋಡುತ್ತಿದ್ದಳು. ಎರಡನೇ ವರ್ಷ ಪಕ್ಕದ ಮನೆಯವರು ಅದಕ್ಕೆ ಕರು ಕಟ್ಟಿದರು. ಮೂರನೇ ವರ್ಷ ಕರು ಹಸುವಾಯಿತು. ಪೈಪು ಪೈಪಾಗಿಯೇ ಉಳಿಯಿತು. ಬೇಸಿಗೆಯಲ್ಲಿ ಟ್ಯಾಂಕರ್‌ನವನಿಗೆ ಫೋನ್ ಮಾಡಿದರೆ ಅವನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಅಕ್ಕ, ಆ ನೀಲಿ ಪೈಪಿನ್ ಪಕ್ಕದ್ ಗೇಟೇ ಅಲ್ವಾ?" ಯೋಜನೆಯಿಂದ ಏನೂ ಉಪಯೋಗ ಆಗಿಲ್ಲ ಅಂತ ಹೇಳುವ ಹಾಗಿಲ್ಲ. ಟ್ಯಾಂಕರ್‌ಗೆ ಗುರುತು ಸಿಕ್ಕಿತು.

ಇನ್ನೊಂದು ಸೂಕ್ಷ್ಮ ಗಮನಿಸಿ. ಸೇರಿ ಹದಿನೇಳು ವರ್ಷ ಆದರೂ ಕಡತದಲ್ಲಿ ಅವುಗಳ ಹೆಸರು '110 ಹಳ್ಳಿ' ಅಂತಲೇ. ತೆರಿಗೆಯ ರಸೀದಿಯಲ್ಲಿ ಮಹಾನಗರ, ನೀರಿನ ಫೈಲಿನಲ್ಲಿ ಹಳ್ಳಿ. ಸೈಟು ಮಾರುವವನ ಬ್ಯಾನರ್‌ನಲ್ಲಿ 'ಏರ್‌ಪೋರ್ಟಿಗೆ ಹದಿನೈದು ನಿಮಿಷ', ಬಸ್ಸಿಗೆ ಕಾಯುವಾಗ ಹಳ್ಳಿ. ಒಂದೇ ಜಾಗ ದಿನಕ್ಕೆ ನಾಲ್ಕು ಸಲ ವೇಷ ಬದಲಾಯಿಸುತ್ತದೆ. ಬಯಲಾಟದವರೂ ನಡುವೆ ಚೌಕಿಗೆ ಹೋಗಿ ಬರುತ್ತಾರೆ, ಇದಕ್ಕೆ ಅದೂ ಬೇಡ.

2022ರ ಸೆಪ್ಟೆಂಬರಿನಲ್ಲಿ ಮಹದೇವಪುರದ ಕಡೆ ನೀರು ತಾನಾಗಿಯೇ ಬಂತು, ಅದೂ ಅರ್ಜಿ ಇಲ್ಲದೆ. ಹೊರವರ್ತುಲ ರಸ್ತೆ ಕೆರೆಯಾಯಿತು. ಲ್ಯಾಪ್‌ಟಾಪ್ ಬ್ಯಾಗು ಎದೆಗೆ ಅವಚಿಕೊಂಡ ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋಗಿದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಮಹಾನಗರಕ್ಕೆ ಸೇರಿ ಹದಿನೈದು ವರ್ಷ ಆಗಿತ್ತು. ಕೊನೆಗೆ ಕೈ ಹಿಡಿದಿದ್ದು ಹಳ್ಳಿಯ ಟ್ರ್ಯಾಕ್ಟರ್.

ಖಾತೆ ಬಗ್ಗೆ ಹೇಳದಿದ್ದರೆ ದೊಡ್ಡಪ್ಪ ಬೈಯುತ್ತಾರೆ. ಇಷ್ಟು ಊರು ಒಟ್ಟಿಗೆ ಬಂದು ಬಿದ್ದಾಗ ಪಾಲಿಕೆಗೆ ಒಂದು ತಲೆನೋವು. ರೆವಿನ್ಯೂ ಸೈಟು, ಗ್ರಾಮಠಾಣಾ, ಭೂಪರಿವರ್ತನೆ ಆಗದ ಜಮೀನು, ಪ್ಲಾನ್ ಇಲ್ಲದೆ ಎದ್ದ ಮನೆ ಎಲ್ಲ ಕಲಸುಮೇಲೋಗರ. ಸರಿಯಿದೆ ಅಂತ ಬರೆದರೆ ಕಾನೂನು ಬಿಡುವುದಿಲ್ಲ, ಸರಿಯಿಲ್ಲ ಅಂತ ಬರೆದರೆ ತೆರಿಗೆ ಬರುವುದಿಲ್ಲ. ಅದಕ್ಕೆ ಉಪಾಯ, 'ಬಿ' ಖಾತಾ. ಅಂದರೆ ನಿಮ್ಮ ಮನೆ ಇದೆ ಅಂತ ನಾವು ಒಪ್ಪುವುದಿಲ್ಲ, ಆದರೆ ಅದರ ತೆರಿಗೆಯನ್ನು ಒಪ್ಪುತ್ತೇವೆ. ಇಂಥ ಯೋಚನೆ ಯಾವ ಅದ್ವೈತಿಗೂ ಹೊಳೆದಿರಲಿಲ್ಲ. ಮನೆ ಮಾಯೆ, ರಸೀದಿ ಸತ್ಯ.

ಬಿ ಖಾತೆಯವರನ್ನು ದಡ ಸೇರಿಸಲು ಅಕ್ರಮ-ಸಕ್ರಮ ಅಂತ ಒಂದು ದೋಣಿ ಬಿಟ್ಟರು. 2017ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2025ರಲ್ಲಿ 'ಬಿ'ಯನ್ನು 'ಎ' ಮಾಡಿಕೊಡುತ್ತೇವೆ ಅಂತ ಹೊಸ ಯೋಜನೆ ಬಂತು. ಶುಲ್ಕ ಉಂಟು. ಎಸ್ಸೆಸ್ಸೆಲ್ಸಿಯಲ್ಲಿ ಬಿ ಸೆಕ್ಷನ್ನಿನಲ್ಲಿ ಓದಿದ ನನಗೆ ಇದು ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು.

ದೊಡ್ಡಪ್ಪನ ಜೊತೆ ನಾನೂ ಒಂದು ಕಚೇರಿಗೆ ಹೋಗಿದ್ದೆ. ಅವರು ಕಬ್ಬಿಣದ ಟ್ರಂಕಿನಿಂದ ತೆಗೆದ ಕಾಗದಗಳನ್ನು ಹಳೇ ಪಂಚೆಯಲ್ಲಿ ಗಂಟು ಕಟ್ಟಿ ತಂದಿದ್ದರು. ಗಂಟು ಬಿಚ್ಚುವಾಗ ಕೌಂಟರ್ ತುಂಬ ನುಸಿಗುಳಿಗೆ ವಾಸನೆ. ಕಿಟಕಿಯ ಹಿಂದಿನ ಹುಡುಗ ಒಳ್ಳೆಯವನೇ. ನಗುತ್ತಲೇ ಮಾತಾಡಿದ.

"ಯಜಮಾನ್ರೆ, ಇದು ಪಂಚಾಯ್ತಿ ರಸೀದಿ. ಪಂಚಾಯ್ತಿ ಈಗ ಇಲ್ವಲ್ಲ."

ದೊಡ್ಡಪ್ಪ ಇನ್ನೊಂದು ಕಾಗದ ಇಟ್ಟರು.

"ಇದು ನಗರಸಭೇದು. ಅದೂ ಇಲ್ಲ."

ಮತ್ತೊಂದು ಇಟ್ಟರು.

"ಇದು ಬಿಬಿಎಂಪಿದು. ಅದೂ ಹೋಯ್ತಲ್ಲ ಈಗ."

"ಹಂಗಾದ್ರೆ ಉಳ್ದಿರೋದು ನಾನೊಬ್ನೇನಪ್ಪ," ಅಂದರು ದೊಡ್ಡಪ್ಪ.

ಹುಡುಗ ಗಂಭೀರವಾಗಿ ಹೇಳಿದ: "ಅದಕ್ಕೆ ಆಧಾರ್ ತನ್ನಿ."

ಬಿಬಿಎಂಪಿ ಹೋದ ರೀತಿಯೂ ವಿಚಿತ್ರ. ಅದಕ್ಕೆ ಮೊದಲ ಚುನಾವಣೆ ಆಗಿದ್ದು 2010ರಲ್ಲಿ. ಹೆತ್ತು ಮೂರು ವರ್ಷ ಆದ ಮೇಲೆ ನಾಮಕರಣ ಮಾಡಿದ ಹಾಗೆ. 198 ವಾರ್ಡು. ಎರಡನೇ ಚುನಾವಣೆ 2015ರಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಚುನಾವಣೆಗೆ ಮೊದಲು ವಾರ್ಡು ಸರಿ ಮಾಡೋಣ ಅಂದರು. 198 ಹೋಗಿ 243 ಬಂತು, ಚುನಾವಣೆ ಬರಲಿಲ್ಲ. 243 ಹೋಗಿ 225 ಬಂತು, ಚುನಾವಣೆ ಬರಲಿಲ್ಲ. ಚಪ್ಪರ ಹಾಕುವುದು, ಬಿಚ್ಚುವುದು, ಗಂಡಿನ ಕಡೆಯವರು ಹೆಚ್ಚು ಬರುತ್ತಾರಾ ಕಮ್ಮಿ ಬರುತ್ತಾರಾ ಅಂತ ಎಲೆ ಲೆಕ್ಕ ಹಾಕುವುದು. ಐದು ವರ್ಷ ಹೀಗೇ ಕಳೆದು, 2025ರ ಸೆಪ್ಟೆಂಬರಿನಲ್ಲಿ ಮದುವೆ ಮನೆಯನ್ನೇ ಐದು ಪಾಲು ಮಾಡಿದರು. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ವಾರ್ಡು ಈಗ 369. ಇವಕ್ಕೆಲ್ಲ ಮೇಲೆ ಒಂದು ಪ್ರಾಧಿಕಾರ, ಅದಕ್ಕೆ ಅಧ್ಯಕ್ಷರು ಸ್ವತಃ ಮುಖ್ಯಮಂತ್ರಿ. ಬೀದಿದೀಪ ಕೆಟ್ಟರೆ ಯಾರನ್ನು ಕೇಳಬೇಕು ಅನ್ನುವ ಗೊಂದಲ ಇನ್ನಿಲ್ಲ.

ಹೆಸರು ನೋಡಿ. ಮೊದಲು 'ಬೃಹತ್ ಬೆಂಗಳೂರು'. ಈಗ 'ಗ್ರೇಟರ್ ಬೆಂಗಳೂರು'. ಎರಡರ ಅರ್ಥವೂ ದೊಡ್ಡದು ಅಂತಲೇ. ಹದಿನೆಂಟು ವರ್ಷ ಸಂಸ್ಕೃತದಲ್ಲಿ ದೊಡ್ಡದಾಗಿದ್ದ ಊರು ಈಗ ಇಂಗ್ಲಿಷಿನಲ್ಲಿ ದೊಡ್ಡದಾಗಿದೆ. ಕನ್ನಡದಲ್ಲಿ ದೊಡ್ಡದಾಗಲು ಇನ್ನೂ ಯಾವ ಸಮಿತಿಯೂ ಶಿಫಾರಸು ಮಾಡಿಲ್ಲ. ದೊಡ್ಡಬಳ್ಳಾಪುರದವರು ಅಷ್ಟು ಹಿಂದೆಯೇ ಅದನ್ನು ಸಲೀಸಾಗಿ ಮಾಡಿಕೊಂಡಿದ್ದರು.

ಪೂರ್ವ ಪಾಲಿಕೆಯದ್ದು ನನಗೆ ಬಹಳ ಇಷ್ಟವಾದ ಭಾಗ. ಅದರಲ್ಲಿರುವುದು ಎರಡೇ ವಿಧಾನಸಭಾ ಕ್ಷೇತ್ರ, ಕೆ.ಆರ್. ಪುರ ಮತ್ತು ಮಹದೇವಪುರ. ನೆನಪಾಯಿತಾ? 2007ರಲ್ಲಿ ಪ್ರತ್ಯೇಕ ನಗರಸಭೆಗಳಾಗಿದ್ದ ಅದೇ ಕೆ.ಆರ್. ಪುರ, ಅದೇ ಮಹದೇವಪುರ. ನಿಮ್ಮದೇ ಒಂದು ಆಡಳಿತ ಯಾಕೆ, ದೊಡ್ಡದರಲ್ಲಿ ಸೇರಿಕೊಳ್ಳಿ ಅಂತ ಒಳಗೆ ಎಳೆದುಕೊಂಡರು. ಹದಿನೆಂಟು ವರ್ಷ ಆದ ಮೇಲೆ, ದೊಡ್ಡದಾದರೆ ಆಡಳಿತ ಕಷ್ಟ, ನಿಮ್ಮದೇ ಒಂದು ಇರಲಿ ಅಂತ ಹೊರಗೆ ಕಳಿಸಿದರು. ಹಸು ಮೇವು ನುಂಗಿ ಆಮೇಲೆ ನಿಧಾನಕ್ಕೆ ಮೆಲುಕು ಹಾಕುತ್ತದೆ ನೋಡಿ, ಹಾಗೆ. ಮೇವಿನ ಅಭಿಪ್ರಾಯ ಯಾರೂ ಕೇಳುವುದಿಲ್ಲ.

ಸೇರಿಸಲು ಇನ್ನು ಜಾಗ ಇಲ್ಲ ಅಂದಾಗ ಹೆಸರನ್ನಾದರೂ ಸೇರಿಸಬಹುದು ಅನ್ನುವುದು ಹೊಸ ಶೋಧ. 2025ರಲ್ಲಿ ರಾಮನಗರ ಜಿಲ್ಲೆ 'ಬೆಂಗಳೂರು ದಕ್ಷಿಣ' ಆಯಿತು. ಬೆಂಗಳೂರು ದಕ್ಷಿಣ ಅಂತ ಲೋಕಸಭಾ ಕ್ಷೇತ್ರ ಮೊದಲೇ ಇತ್ತು. ಅದೇ ಹೆಸರಿನ ತಾಲ್ಲೂಕು ಇತ್ತು. ಈಗ ಪಾಲಿಕೆಯೂ ಒಂದು, ಜಿಲ್ಲೆಯೂ ಒಂದು. ನಾಲ್ಕು ಅಣ್ಣತಮ್ಮಂದಿರಿಗೂ ವೆಂಕಟೇಶ ಅಂತಲೇ ಹೆಸರಿಟ್ಟ ಹಾಗೆ. ರಾಮದೇವರ ಬೆಟ್ಟದ ರಣಹದ್ದುಗಳು, ಚನ್ನಪಟ್ಟಣದ ಗೊಂಬೆಗಳು ರಾತ್ರೋರಾತ್ರಿ ಬೆಂಗಳೂರಿನವಾದವು. ಗೊಂಬೆಗಳು ಏನೂ ಹೇಳಲಿಲ್ಲ. ಹಳಬರು ರಾಮನಗರವನ್ನು ಇನ್ನೂ ಕ್ಲೋಸ್‌ಪೇಟೆ ಅನ್ನುತ್ತಾರೆ, ಅವರಿಗೆ ಇದು ತಲುಪಲು ಇನ್ನೆರಡು ಹೆಸರು ಬೇಕು.

ಇಷ್ಟೆಲ್ಲ ಬದಲಾವಣೆಯಲ್ಲಿ ದೊಡ್ಡಪ್ಪನ ಮನೆಯಲ್ಲಿ ಬದಲಾಗದೆ ಉಳಿದ ನಂಬರು ಒಂದೇ, ಕರೆಂಟಿನ ಆರ್.ಆರ್. ನಂಬರು. ಕೆಇಬಿ ಹೋಗಿ ಕೆಪಿಟಿಸಿಎಲ್ ಆಯಿತು, ಆಮೇಲೆ ಬೆಸ್ಕಾಂ ಆಯಿತು, ನಂಬರು ಅದೇ ಇದೆ. ಅದನ್ನು ಮಾತ್ರ ಅವರು ಬಾಗಿಲುವಾಡದ ಮೇಲೆ ಬರೆದಿಲ್ಲ. ಬಾಯಿಪಾಠ ಇದೆ.

ಹೋದ ತಿಂಗಳು ಕಂಬದ ಬುಡದಿಂದ ಹಿಟ್ಟು ಉದುರತೊಡಗಿತು. ಗೆದ್ದಲು. ಮರಗೆಲಸದವನನ್ನು ಕರೆಸಿದರು. ಅವನು ಉಳಿ ಹಿಡಿದುಕೊಂಡು ಕೆಳಗಿನಿಂದ ತಟ್ಟುತ್ತಾ ಮೇಲಕ್ಕೆ ಬಂದ. ಸಮೀಕ್ಷೆಯ ಚೀಟಿಯ ಹಿಂದೆ ಟೊಳ್ಳು. ಇ-ಖಾತಾದ ಹತ್ತಿರ ಉಳಿ ಹಾಗೇ ಒಳಗೆ ಇಳಿಯಿತು. ಪಿಐಡಿಯಲ್ಲಿ ಅರ್ಧ ಹೋಗಿದೆ. ನಗರಸಭೆಯ ತಗಡು ಎತ್ತಿ ನೋಡಿದ, ಅಲ್ಲೂ ಮಣ್ಣಿನ ಗೆರೆ.

"ಪೂರ್ತಿ ಬದಲಾಯಿಸ್ಬಿಡೋಣ ಯಜಮಾನ್ರೆ. ಯುಪಿವಿಸಿ ಹಾಕ್ಸಿ, ಗೆದ್ದಲೇ ಬರಲ್ಲ."

ದೊಡ್ಡಪ್ಪ ಕುರ್ಚಿಯಿಂದ ಎದ್ದು ಬಂದು ಬಾಲ ಇರುವ ಆ ಏಳರ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದರು. ಟಣ್ ಅಂತು.

"ಪಂಚಾಯ್ತಿವರೆಗೂ ಕುಯ್ದು ತೆಗಿ," ಅಂದರು. "ಅದ್ರಿಂದ ಮೇಲಕ್ಕೆ ಗಟ್ಟಿ ಇದೆ."